ತೂಕದ ಮೆಶಿನಲ್ಲಿ ‘ಎರ್ರ್’, ಹೊಸ ಸೆಲ್ ಹಾಕಿದ್ರೂ ‘ಲೋ’: ಎಂತ ಮಾಡುದು?

ಅಡಿಕೆಹಾಳೆ · ಬದಿಯಡ್ಕ
ಮನುಷ್ಯರು ಹತ್ತಿ ನಿಲ್ಲುವ ಗಾಜಿನ ಡಿಜಿಟಲ್ ಮೆಶಿನ್. 180 ಕೆಜಿ ಮಿತಿ, ಎರಡು ತ್ರಿಬಲ್ ಎ ಸೆಲ್, ನಾಲ್ಕು ಕಾಲು. ತೊಂದರೆ ಮೂರು ಉಂಟು. ಹೊಸ ಸೆಲ್ ಹಾಕಿದ ಮರುದಿನವೇ ‘ಲೋ’ ಬರ್ತದೆ. ಕೆಲವೊಮ್ಮೆ ಹತ್ತಿದ ಕೂಡ್ಲೆ ‘ಎರ್ರ್’ ತೋರಿಸಿ ಆಫ್ ಆಗ್ತದೆ. ಇವೆರಡೂ ಬಾರದ ದಿನ ತೂಕ ಬರ್ತದೆ, ಆದ್ರೆ ಇಳಿದು ಪುನಃ ಹತ್ತಿದ್ರೆ ಒಂದೂವರೆ ಎರಡು ಕೆಜಿ ವ್ಯತ್ಯಾಸ. ಮಳೆ ಶುರುವಾದ ಮೇಲೆ ಜಾಸ್ತಿ. ಬಚ್ಚಲಿನ ಬಾಗಿಲ ಹೊರಗೆ ಟೈಲ್ಸ್ ಮೇಲೆ ಇಟ್ಟದ್ದು. ಕೈಪಿಡಿಯಲ್ಲಿ ಇಂಗ್ಲಿಷ್, ಹಿಂದಿ, ಚೀನಿ ಉಂಟು, ಕನ್ನಡ ಇಲ್ಲ. ಇದ್ದ ಇಂಗ್ಲಿಷಲ್ಲೂ ‘ಎರ್ರ್ ಅಂದ್ರೆ ಎರರ್’ ಅಂತ ಮಾತ್ರ. ಬಿಸಾಡುವ ಮೊದಲು ಒಮ್ಮೆ ಇಲ್ಲಿ ಕೇಳುವ ಅಂತ.

ಮೂರ್ಕಾಲು · ತಾಳವಾಡಿ
ಬಿಸಾಕಿ ಹೊಸದು ತಗೊಳ್ಳಿ. ರಿಪೇರಿ ಖರ್ಚಲ್ಲಿ ಇನ್ನೊಂದು ಬರುತ್ತೆ.

ಕಾಟಾ_ಮಾಸ್ತರ · ಅಕ್ಕಲಕೋಟ
ಬಿಸಾಡಬ್ಯಾಡ್ರಿ. ಹೊಸಾದು ತಂದು ಅದ ಜಾಗಾದಾಗ ಇಟ್ರ ಅದಕ್ಕೂ ಎರ್ರ್ ಬರ್ತದ.

ಮೊದಲ ನೆಲ ನೋಡ್ರಿ. ನಾಲ್ಕು ಕಾಲಿನ ಒಳಗ ನಾಲ್ಕು ಸೆನ್ಸಾರ್ ಇರ್ತಾವ. ಮೆಶಿನ್ ಆ ನಾಲ್ಕರ ಮ್ಯಾಲಿನ ಭಾರ ಕೂಡಿಸಿ ಹೇಳ್ತದ. ಒಂದು ಕಾಲು ಟೈಲ್ಸಿನ ಸಂದಿನ್ಯಾಗ ಕೂತ್ರ ಗಾಜು ಅಲ್ಲಾಡ್ತದ, ಅಂಕಿ ನಿಲ್ಲಂಗಿಲ್ಲ. ಕೆಲವು ಸೆಕೆಂಡಿನಾಗ ಅಂಕಿ ನಿಲ್ಲಲಿಲ್ಲಂದ್ರ ಎರ್ರ್ ಒಗೀತದ. ಎದುರುಬದುರು ಎರಡು ಮೂಲಿ ಮ್ಯಾಲ ಬೆರಳಿಟ್ಟು ಒಂದೊಂದ ಸಲ ಒತ್ತಿ ನೋಡ್ರಿ. ಟಕ್ ಟಕ್ ಅಂತಂದ್ರ ಮೆಶಿನ್ ಶಾಣ್ಯಾ, ನೆಲ ಖೊಟ್ಟಿ.

ಬಚ್ಚಲ ಬಾಗಲದ ಮುಂದ ನೀರು ಹರೀಲಿ ಅಂತ ಇಳಕಲ ಮಾಡಿರ್ತಾರ. ಅಲ್ಲಿ ಇಡೂದ ಬ್ಯಾಡ. ಒಳಗಿನ ಖೋಲಿಗೆ ಒಯ್ದು ಒಂದ ಟೈಲ್ಸಿನ ನಟ್ಟನಡುವ ಇಡ್ರಿ. ಎರಡು ಅಡಿ ಟೈಲ್ಸ್ ಇದ್ರ ನಾಲ್ಕೂ ಕಾಲು ಅದರಾಗ ಕೂಡ್ತಾವ. ಕೆಳಗ ಚಾದರ್, ಕಾಲೊರಸು ಏನೂ ಹಾಕಬ್ಯಾಡ್ರಿ, ನಮ್ಮ ಸೋಲಾಪುರ ಚಾದರ್ ಆದ್ರೂ ಸೈತ. ಮೆತ್ತಗಿದ್ರ ಕಾಲು ಒಳಗ ಇಳದು ಮೆಶಿನಿನ ಹೊಟ್ಟಿ ನೆಲಕ್ಕ ತಾಗ್ತದ. ಹೊಟ್ಟಿ ಹೊತ್ತ ಭಾರ ಲೆಕ್ಕಕ್ಕ ಬರಂಗಿಲ್ಲ, ತೂಕ ಕಡಿಮಿ ತೋರಿಸ್ತದ.

ಕಡಪಕಲ್ಲು · ರಾಯದುರ್ಗ
ಕಡಪ ಬಂಡೆ ಹಾಸಿದ ನೆಲ ಇದ್ರೆ ಇನ್ನೂ ಹುಷಾರು. ನೋಡೋಕೆ ನುಣ್ಣಗಿರ್ತೈತೆ, ಬಂಡೆ ಬಂಡೆಗೂ ಏರುತಗ್ಗು ಇರ್ತೈತೆ. ಒಂದೇ ಬಂಡೆ ಮೇಲೆ ನಾಲ್ಕೂ ಕಾಲು ಬರಬೇಕು.

ಸೋಲ್ಡರ್_ಸ್ವಾಮಿ · ಹೊಸೂರು
‘ಲೋ’ ಬಗ್ಗೆ ನಾನು ಹೇಳ್ತೀನಿ. ಹೊಸ ಸೆಲ್ ಅಂದ್ರೆ ಯಾವ ಸೆಲ್? ರಿಮೋಟಿಗೆ ಹಾಕೋ ಕಡಿಮೆ ಬೆಲೆಯ ಜಿಂಕ್ ಕಾರ್ಬನ್ ಸೆಲ್ ಹಾಕಿದ್ರೆ ಬೇಗ ಕುಸಿಯುತ್ತೆ. ಆಲ್ಕಲೈನ್ ಹಾಕಿ, ಎರಡನ್ನೂ ಒಟ್ಟಿಗೇ ಬದಲಾಯಿಸಿ. ಒಂದು ಹಳೇದು ಒಂದು ಹೊಸದು ಮಾಡಿದ್ರೆ ಹಳೇದು ಸೋರೋಕೆ ಶುರುವಾಗುತ್ತೆ.

ಆಮೇಲೆ ಮಲ್ಟಿಮೀಟರ್ ತಗೊಂಡು ಎರಡು ಸಲ ಅಳೀರಿ. ಒಂದು, ಸೆಲ್‌ಗಳನ್ನ ಹೊರಗೆ ತೆಗೆದು. ಹೊಸ ಆಲ್ಕಲೈನ್ ಒಂದೊಂದೂ 1.5ರಿಂದ 1.6 ವೋಲ್ಟ್ ಇರಬೇಕು. ಎರಡು, ಸೆಲ್ ಹಾಕಿ ಮೆಶಿನ್ ಆನ್ ಇರುವಾಗ, ಸೆಲ್‌ಗಳ ಮೇಲಲ್ಲ, ಬೋರ್ಡಿಗೆ ಹೋಗೋ ಕೆಂಪು ಕಪ್ಪು ವೈರ್ ಬೆಸುಗೆ ಆಗಿರೋ ಜಾಗದಲ್ಲಿ. ಅಲ್ಲಿ 3 ವೋಲ್ಟ್ ಆಸುಪಾಸು ಬರಬೇಕು. ಸೆಲ್ಲಲ್ಲಿ ಸರಿ ಇದ್ದು ಅಲ್ಲಿ ಕಡಿಮೆ ಬಂದ್ರೆ, ನಡುವಿನ ಸ್ಪ್ರಿಂಗು ತುಕ್ಕು ಹಿಡಿದಿದೆ ಅಂತ ಅರ್ಥ. ನಿಮ್ಮ ಕಡೆ ಮಳೆಗಾಲದ ತೇವಕ್ಕೆ ಇದೇ ಆಗಿರೋದು ಅಂತ ನನ್ನ ಲೆಕ್ಕ.

ನಿಂಬೆರಸದಲ್ಲಿ ಉಜ್ಜಿ ಒರೆಸಿದ್ರೆ ಹೋಗುತ್ತೆ.

ಪಯಸ್ವಿನಿ · ಮುಳ್ಳೇರಿಯ
ನಿಂಬೆ ಎಲ್ಲದಕ್ಕೂ ಆಗುದಿಲ್ಲ ಸ್ವಾಮಿಯವರೇ. ಆಲ್ಕಲೈನ್ ಸೆಲ್ ಸೋರಿದ್ರೆ ಹೊರಗೆ ಬರುವುದು ಕ್ಷಾರ, ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಅದು ಗಾಳಿಗೆ ಬಿಳಿ ಹುಡಿ ಆಗಿ ಕೂತಿರ್ತದೆ. ಅದಕ್ಕೆ ನಿಂಬೆರಸ ಅಥವಾ ವಿನೆಗರ್ ಸರಿ, ಹಾಕಿದ್ರೆ ಸಣ್ಣಕೆ ನೊರೆ ಬರ್ತದೆ. ಜಿಂಕ್ ಕಾರ್ಬನ್ ಸೆಲ್ಲಿನ ಸೋರಿಕೆ ಆಮ್ಲದ ಕಡೆಯದ್ದು. ಅದಕ್ಕೆ ನಿಂಬೆ ಹಾಕಿದ್ರೆ ಪ್ರಯೋಜನ ಇಲ್ಲ, ತುಕ್ಕು ಮತ್ತೂ ಜೋರಾಗ್ತದೆ. ಅಲ್ಲಿ ಅಡಿಗೆ ಸೋಡ ಒಂದು ಚಿಟಿಕೆ ನೀರಲ್ಲಿ ಕಲಸಿ ಕಿವಿಕಡ್ಡಿಯ ಹತ್ತಿಯಲ್ಲಿ ಒರೆಸಬೇಕು.

ಯಾವುದೇ ಆಗಲಿ, ಸುರಿಯುವುದಲ್ಲ. ಹತ್ತಿ ಒದ್ದೆಯಾಗುವಷ್ಟು ಸಾಕು. ಮತ್ತೆ ಬರೀ ನೀರಿನ ಹತ್ತಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್. ಹಸಿರು ಕಿಲುಬು ಬಿಡದಿದ್ರೆ ಉಗುರು ಉಜ್ಜುವ ಕಾಗದದಲ್ಲಿ ಎರಡು ಸಲ ಎಳೆದು ಬಿಡಿ, ಮೇಲಿನ ಲೇಪ ಪೂರ್ತಿ ಹೋಗುವಷ್ಟು ತಿಕ್ಕಬೇಡಿ. ಕೈಗೆ ಗ್ಲೌಸ್ ಇರಲಿ.

ಸೋಲ್ಡರ್_ಸ್ವಾಮಿ · ಹೊಸೂರು
ಒಪ್ಪಿದೆ. ಜಿಂಕ್ ಕಾರ್ಬನ್ ವಿಷಯ ಬಿಟ್ಟುಬಿಟ್ಟಿದ್ದೆ.

ಉಪ್ಪಳ_ಸವಾರ · ಉಪ್ಪಳ
ತೇವ ಹೋಗ್ಲಿಕ್ಕೆ ಅಕ್ಕಿ ಡಬ್ಬಿಯಲ್ಲಿ ಇಟ್ರೆ ಆಗುದಿಲ್ವಾ? ಮೊಬೈಲಿಗೆ ಮಾಡ್ತಾರಲ್ಲ.

ಪಯಸ್ವಿನಿ · ಮುಳ್ಳೇರಿಯ
ಅಕ್ಕಿಯ ಹುಡಿ ಕಾಲಿನ ಸಂದಿಗೆ ಹೋದ್ರೆ ಈಗಿನದಕ್ಕಿಂತ ದೊಡ್ಡ ತೊಂದರೆ. ಹಿಂದಿನ ಮುಚ್ಚಳ ತೆಗೆದು ಫ್ಯಾನಿನ ಕೆಳಗೆ ಒಂದು ದಿನ ಇಡಿ, ಸಾಕು. ಅಡಿಕೆ ಒಣಗಿಸುವ ಅಟ್ಟಕ್ಕೆ ಮಾತ್ರ ಏರಿಸಬೇಡಿ. ಹೊಗೆಯ ಜಿಡ್ಡು ಬೋರ್ಡಿನಲ್ಲಿ ಕೂತ್ರೆ ಅದೇ ತೇವ ಹಿಡಿಯುವ ಜಾಗ ಆಗ್ತದೆ.

ಕಡಪಕಲ್ಲು · ರಾಯದುರ್ಗ
ನಮ್ದು ಬಿಲ್ಲೆ ಸೆಲ್ಲಿಂದು. ಅಂಗಡಿಯೋರು 2032 ಇಲ್ಲ, 2025 ಹಾಕ್ಕೊಳ್ಳಿ ಎರಡೂ ಒಂದೇ ಅಂತಾರೆ. ಹೌದಾ?

ಸೋಲ್ಡರ್_ಸ್ವಾಮಿ · ಹೊಸೂರು
ವೋಲ್ಟ್ ಒಂದೇ, 3. ದಪ್ಪ ಬೇರೆ. ಮೊದಲ ಎರಡು ಅಂಕಿ ಅಗಲ, 20 ಮಿಲಿಮೀಟರ್. ಕೊನೆ ಎರಡು ದಪ್ಪ: 32 ಅಂದ್ರೆ 3.2 ಮಿಲಿಮೀಟರ್, 25 ಅಂದ್ರೆ 2.5. ಸಣ್ಣದು ಸಡಿಲ ಕೂರುತ್ತೆ, ಹತ್ತಿದ ಅದುರಿಗೆ ಸಂಪರ್ಕ ತಪ್ಪಿ ಮೆಶಿನ್ ಆಫ್ ಆಗುತ್ತೆ. ಕಾಗದ ಮಡಚಿ ಕೆಳಗೆ ತುರುಕೋರಿದ್ದಾರೆ, ಬೇಡ. ಹೊಸ ಮೆಶಿನ್ ಆದ್ರೆ ಸೆಲ್ ಕೆಳಗೆ ಒಂದು ಪ್ಲಾಸ್ಟಿಕ್ ಪಟ್ಟಿ ಇರುತ್ತೆ, ಅದನ್ನ ಎಳೆದು ಬಿಸಾಕಬೇಕು. ಆನ್ ಆಗಲ್ಲ ಅಂತ ವಾಪಸ್ ಕಳಿಸೋ ಮುಂಚೆ ಅದನ್ನ ನೋಡಿ.

ಇನ್ನೊಂದು, ಬಿಲ್ಲೆ ಸೆಲ್ಲು ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ನುಂಗಿದ್ರೆ ಗಂಟಲಲ್ಲೇ ಸುಡುತ್ತೆ, ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು.

ಜವಾರಿ_ಜತ್ತ · ಜತ್ತ, ಸಾಂಗ್ಲಿ ಜಿಲ್ಲಾ
ನಮ್ಮದ್ರಾಗ ಬ್ಯಾರೇನ ನಡದದ. ಹತ್ತಿದ್ರ 11:0 ಅಂತ ಟೈಮ್ ತೋರಿಸ್ತದ್ರಿ. ನಸುಕಿನ್ಯಾಗ ಹತ್ತಿದ್ರೂ 11:0, ರಾತ್ರಿ ಹತ್ತಿದ್ರೂ 11:0.

ಕಾಟಾ_ಮಾಸ್ತರ · ಅಕ್ಕಲಕೋಟ
ಅದು ಟೈಮ್ ಅಲ್ರಿ, ಸ್ಟೋನ್. ಇಂಗ್ಲೆಂಡಿನ ಅಳತಿ. ಒಂದು ಸ್ಟೋನಿಗೆ 14 ಪೌಂಡ್, ಅಂದ್ರ 6.35 ಕೆಜಿ. 11:0 ಅಂದ್ರ 70 ಕೆಜಿಗೆ ಒಂಚೂರು ಕಡಿಮಿ. ಮೆಶಿನ್ ಬೋರಲ ಹಾಕಿ ಸೆಲ್ಲಿನ ಬಾಜೂಕ ನೋಡ್ರಿ, ಸಣ್ಣ ಗುಂಡಿ ಇರ್ತದ. ಮೆಶಿನ್ ಚಾಲೂ ಇದ್ದಾಗ ಒತ್ತಿದ್ರ ಕೆಜಿ, ಪೌಂಡ್, ಸ್ಟೋನ್ ಅಂತ ತಿರಗ್ತದ. ಎತ್ತಿ ಗ್ವಾಡಿಗೆ ಆನಿಸಿ ಇಡೂಮುಂದ ಆ ಗುಂಡಿ ಒತ್ತಿ ಬಿಡ್ತದ, ಮತ್ತೇನಿಲ್ಲ.

ಜವಾರಿ_ಜತ್ತ · ಜತ್ತ, ಸಾಂಗ್ಲಿ ಜಿಲ್ಲಾ
ಆತು. ಕೆಜಿ ಬಂತು. 69.9.

ಮೂರ್ಕಾಲು · ತಾಳವಾಡಿ
ಓ-ಎಲ್‌ಡಿ ಅಂತ ಬಂದ್ರೆ? ಓಲ್ಡ್ ಅಂತ, ವಯಸ್ಸಾಯ್ತು ಅಂತಾನಾ?

ಸೋಲ್ಡರ್_ಸ್ವಾಮಿ · ಹೊಸೂರು
ಓವರ್‌ಲೋಡ್. ಮಿತಿ ದಾಟಿದೆ ಅಂತ. ಬಹಳ ಮೆಶಿನ್‌ಗಳಲ್ಲಿ 150 ಅಥವಾ 180 ಕೆಜಿ, ಹಿಂದಿನ ಚೀಟಿಯಲ್ಲಿ ಬರೆದಿರುತ್ತೆ. ಕೆಲವದ್ರಲ್ಲಿ ಇದಕ್ಕೇ ‘ಎರ್ರ್’ ಅಂತ ಬರುತ್ತೆ, ಕೆಲವದ್ರಲ್ಲಿ ಸಾಲಾಗಿ ನಾಲ್ಕು ‘ಇ’. ಕಂಪನಿ ಕಂಪನಿಗೂ ಬೇರೆ. ಬರೀ ಅಕ್ಷರ ನೋಡಿ ತೀರ್ಮಾನ ಮಾಡೋಕಾಗಲ್ಲ, ಯಾವಾಗ ಬರುತ್ತೆ ಅನ್ನೋದು ಮುಖ್ಯ: ಆನ್ ಆದ ತಕ್ಷಣವಾ, ಹತ್ತಿದ ತಕ್ಷಣವಾ, ತೂಕ ಬಂದಾದ ಮೇಲಾ.

ಉಪ್ಪಳ_ಸವಾರ · ಉಪ್ಪಳ
ತೂಕ ಬಂದಾದ ಮೇಲೆ. ಆಮೇಲೆ ಗೆರೆ ಗೆರೆ ಓಡಿ ಎರ್ರ್. ಕೊಬ್ಬು ತೋರಿಸುವ ನಮೂನೆಯದ್ದು.

ಪಯಸ್ವಿನಿ · ಮುಳ್ಳೇರಿಯ
ಅದಕ್ಕೆ ಸೆನ್ಸಾರಿನ ಸಂಬಂಧ ಇಲ್ಲ. ತೂಕ ಆದ ಮೇಲೆ ಅದು ಒಂದು ಪಾದದಿಂದ ಇನ್ನೊಂದಕ್ಕೆ ನಮಗೆ ಗೊತ್ತಾಗದಷ್ಟು ಸಣ್ಣ ಕರೆಂಟ್ ಹರಿಸಿ ಮೈಯ ಪ್ರತಿರೋಧ ನೋಡ್ತದೆ. ಕಾಲುಚೀಲ ಇದ್ರೆ, ಹಿಮ್ಮಡಿ ಒಡೆದು ಒಣಗಿದ್ರೆ, ಲೋಹದ ಪಟ್ಟಿಯ ಮೇಲೆ ಪಾದ ಸರಿ ಕೂರದಿದ್ರೆ ಎರ್ರ್. ಪಾದ ಒದ್ದೆ ಬಟ್ಟೆಯಲ್ಲಿ ಒರೆಸಿ ಹತ್ತಿ ನೋಡಿ. ತೊಡೆ ತೊಡೆಗೆ ತಾಗಬಾರದು. ಪೇಸ್‌ಮೇಕರ್ ಇದ್ದವರು ಈ ನಮೂನೆಯದ್ದಕ್ಕೆ ಹತ್ತಲೇಬಾರದು, ಗರ್ಭಿಣಿಯರಿಗೂ ಬೇಡ ಅಂತ ಕೈಪಿಡಿಗಳಲ್ಲೇ ಇರ್ತದೆ.

ಮೊಬೈಲ್ ಆಪ್‌ಗೆ ಕನೆಕ್ಟ್ ಆಗದಿದ್ರೆ, ಫೋನಿನ ಬ್ಲೂಟೂತ್ ಸೆಟ್ಟಿಂಗಲ್ಲಿ ಹುಡುಕಬೇಡಿ, ಆಪ್ ಒಳಗಿಂದಲೇ ಸೇರಿಸಬೇಕು. ಹಳೇ ಆಂಡ್ರಾಯ್ಡಲ್ಲಿ ಲೊಕೇಶನ್ ಆನ್ ಇರಬೇಕು, 12ರಿಂದ ಈಚೆಗೆ ‘ಹತ್ತಿರದ ಸಾಧನಗಳು’ ಅನುಮತಿ ಬೇರೆಯೇ ಕೇಳ್ತದೆ.

ಅಡಿಕೆಹಾಳೆ · ಬದಿಯಡ್ಕ
ಮಾಡಿದೆ. ಸೆಲ್ ಹೊರಗೆ ಅಳೆದಾಗ 1.58 ಮತ್ತು 1.58. ಆನ್ ಇರುವಾಗ ಬೋರ್ಡಿನ ಹತ್ರ 2.3! ಸ್ಪ್ರಿಂಗಿನ ಬುಡದಲ್ಲಿ ಬಿಳಿ ಹುಡಿ ಇತ್ತು. ವಿನೆಗರ್, ನೀರು, ಆಲ್ಕೋಹಾಲ್ ಅದೇ ಕ್ರಮದಲ್ಲಿ ಒರೆಸಿ ಒಣಗಿಸಿದ ಮೇಲೆ 3.1. ‘ಲೋ’ ಹೋಯ್ತು. ನಡು ಕೋಣೆಯ ಟೈಲ್ಸಿಗೆ ತಂದ ಮೇಲೆ ಎರ್ರ್ ಕೂಡ ಕಡಿಮೆ. ಆದ್ರೆ ಪೂರ್ತಿ ನಿಲ್ಲಲಿಲ್ಲ, ತೂಕದ ವ್ಯತ್ಯಾಸ ಹಾಗೇ ಉಂಟು.

ಕಾಟಾ_ಮಾಸ್ತರ · ಅಕ್ಕಲಕೋಟ
ಜಾಗಾ ಬದಲಿಸಿದ ಮ್ಯಾಲ ಸೊನ್ನಿ ಹಿಡಿಸಿದ್ರೇನು? ಎತ್ತಿ ಇಟ್ಟ ಮ್ಯಾಲ ನಡುವ ಒಂದು ಕಾಲಿನಿಂದ ಮೆಲ್ಲಗ ಒತ್ತಿ ಬಿಡ್ರಿ. 0.0 ಬರೂತನಕ, ಆಮ್ಯಾಲ ತಾನ ಆಫ್ ಆಗೂತನಕ ಮುಟ್ಟಬ್ಯಾಡ್ರಿ. ಆ ಮ್ಯಾಲ ಹತ್ರಿ. ಎತ್ತಿ ಇಟ್ಟ ಕೂಡ್ಲೆ ಬರೂ ಮೊದಲ ತೂಕ ಎಂದೂ ನಂಬಬಾರದು. ಗ್ವಾಡಿ, ಬಕೀಟು ಬದಿಗೆ ತಾಗಿತ್ತಂದ್ರ ಸೊನ್ನಿನ ತಪ್ಪ ಹಿಡೀತದ.

ಅದಾದ್ರೂ ಫರಕ್ ಬಂದ್ರ ಮೂಲಿ ಪರೀಕ್ಷಾ ಮಾಡ್ರಿ. ಒಂದು ವಜನ ತಗೊಂಡು ನಾಲ್ಕೂ ಕಾಲಿನ ನೇರ ಮ್ಯಾಲ ಒಂದೊಂದ ಸಲ ಇಡ್ರಿ. ನಾಲ್ಕರಾಗೂ ಒಂದ ಅಂಕಿ ಬರಬೇಕು, 100–200 ಗ್ರಾಂ ಹಿಂದಮುಂದ ನಡೀತದ.

ಉಪ್ಪಳ_ಸವಾರ · ಉಪ್ಪಳ
ಗ್ಯಾಸ್ ಸಿಲಿಂಡರ್ ಇಡಬಹುದಲ್ಲ? ಖಾಲಿ ತೂಕ ಮೇಲಿನ ಪಟ್ಟಿಯಲ್ಲಿ ಬರೆದಿರ್ತದೆ, ಅದಕ್ಕೆ 14.2 ಕೂಡಿಸಿದ್ರೆ ಆಯ್ತು. ಸೀಲ್ ಒಡೆಯದ್ದು ಇರಬೇಕು.

ಪಯಸ್ವಿನಿ · ಮುಳ್ಳೇರಿಯ
ಮೂಲೆಗೆ ಸಿಲಿಂಡರ್ ಇಟ್ರೆ ಗಾಜು ಮಗುಚ್ತದೆ, ದಯವಿಟ್ಟು ಬೇಡ. ಕಾಲಿನಿಂದ ಹೊರಗೆ ಭಾರ ಬಿದ್ರೆ ಮೆಶಿನ್ ಎದ್ದು ನಿಲ್ತದೆ. ಸಿಲಿಂಡರ್ ಲೆಕ್ಕ ಬೇಕಾದ್ರೆ ಗಾಜಿನ ಮಧ್ಯೆ ಮರದ ಹಲಗೆ ಹಾಕಿ, ಮೊದಲು ಹಲಗೆಯ ತೂಕ ಬೇರೆ ನೋಡಿ, ಮತ್ತೆ ನೆಟ್ಟಗೆ ನಿಲ್ಲಿಸಿ. ಹಲಗೆ ಇಲ್ಲದಿದ್ರೆ ತಳದ ಕಬ್ಬಿಣದ ಬಳೆ ಗಾಜನ್ನು ಗೀರ್ತದೆ.

ಮೂಲೆಗೆ 10 ಲೀಟರ್ ನೀರಿನ ಕ್ಯಾನ್ ಸಾಕು. ಅದು ಸರಿಯಾಗಿ 10 ಕೆಜಿ ಇರಬೇಕು ಅಂತಲೂ ಇಲ್ಲ, ನಾಲ್ಕೂ ಕಡೆ ಅದೇ ಕ್ಯಾನ್ ಇಟ್ರೆ ಆಯ್ತು. 5 ಲೀಟರ್ ಎಣ್ಣೆ ಕ್ಯಾನನ್ನು 5 ಕೆಜಿ ಅಂತ ಲೆಕ್ಕ ಹಾಕಿ ಮೆಶಿನಿಗೆ ಬೈಬೇಡಿ, ಎಣ್ಣೆ ಹಗುರ, ನಾಲ್ಕೂವರೆ ಚಿಲ್ಲರೆ ಬರುವುದು. 5 ಕೆಜಿಗಿಂತ ಕಡಿಮೆ ಇಟ್ರೆ ಬಹಳ ಮೆಶಿನ್‌ಗಳು ಲೆಕ್ಕಕ್ಕೇ ತಗೊಳ್ಳುದಿಲ್ಲ.

ಕಡಪಕಲ್ಲು · ರಾಯದುರ್ಗ
ಅಕ್ಕಿ ಮೂಟೆ 25 ಕೆಜಿದು ಇದ್ರೆ ಒಳ್ಳೆ ಅಳತೆ ಅಲ್ವಾ.

ಜವಾರಿ_ಜತ್ತ · ಜತ್ತ, ಸಾಂಗ್ಲಿ ಜಿಲ್ಲಾ
ಚೀಲದ ಮ್ಯಾಲ ಓದ್ರಿ ಮೊದಲ. 2022ರ ಜುಲೈ 18ರಿಂದ 25 ಕೆಜಿತನಕ ಪ್ಯಾಕ್ ಮಾಡಿದ ಅಕ್ಕಿಗೆ 5% ಜಿಎಸ್‌ಟಿ ಬಂದ ಮ್ಯಾಲ 26 ಕೆಜಿ ಚೀಲ ಬಂದಾವ. 25 ಅಂತ ತಿಳಕೊಂಡು ಇಟ್ರ ಮೆಶಿನ್ ಒಂದು ಕೆಜಿ ಜಾಸ್ತಿ ತೋರಿಸ್ತದ ಅಂತ ಮತ್ತೊಂದ ದೂರು ಬರ್ತದ.

ಉಪ್ಪಳ_ಸವಾರ · ಉಪ್ಪಳ
ಸಮುದ್ರಮಟ್ಟದಲ್ಲಿ ಮತ್ತು ಹೊಸೂರಿನಂಥ ಎತ್ತರದಲ್ಲಿ ತೂಕ ಬೇರೆ ಬರ್ತದಲ್ಲ, ಗುರುತ್ವ. ಅದು ಕಾರಣ ಇರಬಹುದಾ?

ಸೋಲ್ಡರ್_ಸ್ವಾಮಿ · ಹೊಸೂರು
ಬರುತ್ತೆ, ಎಷ್ಟು ಅಂತ ನೋಡಿ. ಹೊಸೂರು ಸುಮಾರು 900 ಮೀಟರ್. ಆ ಎತ್ತರಕ್ಕೆ ಗುರುತ್ವ ಸುಮಾರು 0.03% ಕಡಿಮೆ. 70 ಕೆಜಿ ಮನುಷ್ಯನಿಗೆ 20 ಗ್ರಾಂ. ಮೆಶಿನ್ ತೋರಿಸೋದೇ 100 ಗ್ರಾಂ ಲೆಕ್ಕದಲ್ಲಿ. ಅವರದ್ದು ಎರಡು ಕೆಜಿ, ಅದೂ ಅದೇ ಜಾಗದಲ್ಲಿ. ನ್ಯೂಟನ್‌ನ ಬಿಟ್ಟುಬಿಡಿ.

ಅಡಿಕೆಹಾಳೆ · ಬದಿಯಡ್ಕ
ಹತ್ತು ಲೀಟರ್ ಕ್ಯಾನ್ ಇಟ್ಟು ನೋಡಿದೆ. ಮುಂದಿನ ಎಡ 10.4, ಮುಂದಿನ ಬಲ 10.5, ಹಿಂದಿನ ಬಲ 10.4, ಹಿಂದಿನ ಎಡ 8.9. ಎರಡೆರಡು ಸಲ ಇಟ್ಟೆ, ಹಾಗೇ.

ಕಾಟಾ_ಮಾಸ್ತರ · ಅಕ್ಕಲಕೋಟ
ಕಳ್ಳ ಸಿಕ್ಕ. ಹಿಂದಿನ ಎಡಗಾಲು.

ಎರಡೆರಡು ಸಲ ಇಟ್ಟಿದ್ದು ಚಲೋ, ಆದ್ರ ಒಂದು ಮಾತು. ಭಾಳ ಮೆಶಿನ್ ಹಿಂದಿನ ತೂಕ ನೆನಪಿಡ್ತಾವ. ಹೊಸಾದು ಅದಕ್ಕ ಸಮೀಪ ಇತ್ತಂದ್ರ ಹಳೇದ ತೋರಿಸಿ ಬಿಡ್ತಾವ. ಗಿರಾಕಿಗೆ ‘ಮೂರು ಸಲ ಹತ್ತಿದ್ರೂ ಅದ ತೂಕ, ಭಾರೀ ಮೆಶಿನ್’ ಅನಸ್ಲಿ ಅಂತ ಮಾಡಿದ ಆಟ. ಖರೇ ನೋಡಬೇಕಂದ್ರ ನಡುವ ಒಂದ ಸಲ ಬ್ಯಾರೆ ಭಾರ ಹತ್ತಿಸಿ ಆಮ್ಯಾಲ ನೋಡಬೇಕು.

ಸೋಲ್ಡರ್_ಸ್ವಾಮಿ · ಹೊಸೂರು
ಈಗ ಆ ಕಾಲು ಬಿಚ್ಚಿ. ಸೆಲ್ ತೆಗೆದು, ದಪ್ಪ ಟವೆಲ್ ಮೇಲೆ ಗಾಜು ಕೆಳಗೆ ಮಾಡಿ ಮಲಗಿಸಿ. ಕಾಲಿನ ರಬ್ಬರ್ ಎಬ್ಬಿಸಿ, ಅದರ ಕೆಳಗಿನ ಪ್ಲಾಸ್ಟಿಕ್ ಟೋಪಿ ಕೆಲವದ್ರಲ್ಲಿ ಕೊಕ್ಕೆಯಲ್ಲಿ ನಿಂತಿರುತ್ತೆ, ಕೆಲವದ್ರಲ್ಲಿ ಎರಡು ಬದಿ ಅಂಟಿನ ಟೇಪಲ್ಲಿ. ಟೇಪ್ ಆದ್ರೆ ಹೇರ್ ಡ್ರೈಯರ್ ಒಂದು ನಿಮಿಷ ಹಿಡಿದ್ರೆ ಸಡಿಲ ಆಗುತ್ತೆ. ಸ್ಕ್ರೂಡ್ರೈವರಲ್ಲಿ ಮೀಟಬೇಡಿ, ಹಳೇ ಏಟಿಎಂ ಕಾರ್ಡು ಸಾಕು.

ಒಳಗೆ ಚಪ್ಪಟೆ ಉಕ್ಕಿನ ತಗಡು ಕಾಣುತ್ತೆ, ಇಂಗ್ಲಿಷ್ ‘ಇ’ ಆಕಾರ. ನಡುವಿನ ನಾಲಿಗೆ ಮೇಲೆ ಬಿಳಿ ಅಂಟು ಬಳಿದಿರುತ್ತೆ, ಅದರ ಅಡಿಯಲ್ಲೇ ಸ್ಟ್ರೇನ್ ಗೇಜ್. ಭಾರಕ್ಕೆ ಆ ನಾಲಿಗೆ ಕೂದಲೆಳೆಯಷ್ಟು ಬಾಗುತ್ತೆ, ಬಾಗಿದಾಗ ಪ್ರತಿರೋಧ ಬದಲಾಗುತ್ತೆ, ಮೆಶಿನ್ ಅದನ್ನೇ ತೂಕ ಅಂತ ಓದುತ್ತೆ. ನಾಲಿಗೆ ಅಡಿಯಲ್ಲಿ ಒಂದು ಮರಳಿನ ಕಾಳು ಸಿಕ್ಕಿಕೊಂಡ್ರೂ ಅದು ಬಾಗಲ್ಲ, ಭಾರ ನೇರ ಚೌಕಟ್ಟಿಗೆ ಹೋಗುತ್ತೆ, ತೂಕ ಕಡಿಮೆ. ಒಣ ಬ್ರಷ್ಷಲ್ಲಿ ಗುಡಿಸಿ. ಬಿಳಿ ಅಂಟನ್ನ ಕೆರೆಯಬೇಡಿ. ಎಣ್ಣೆ, ತುಕ್ಕಿನ ಸ್ಪ್ರೇ ಏನೂ ಬೇಡ.

ಅಲ್ಲಿ ಏನೂ ಸಿಗದಿದ್ರೆ ವೈರು. ಒಂದೊಂದು ಸೆನ್ಸಾರಿಗೆ ಮೂರು ವೈರು, ಬಣ್ಣ ನಂಬೋ ಹಾಗಿಲ್ಲ. ಬೋರ್ಡಿಂದ ಬಿಡಿಸಿಯೇ ಅಳೀಬೇಕು, ಇಲ್ಲದಿದ್ರೆ ಉಳಿದ ಮೂರು ಸೆನ್ಸಾರಿನ ದಾರಿಯೂ ಸೇರಿ ತಪ್ಪು ಅಂಕಿ ಬರುತ್ತೆ. ಸಾಮಾನ್ಯವಾಗಿ ಒಂದು ಜೋಡಿಯಲ್ಲಿ 2000 ಓಮ್ ಸುತ್ತ, ಉಳಿದ ಎರಡು ಜೋಡಿಯಲ್ಲಿ 1000 ಸುತ್ತ. ಎಲ್ಲಾದ್ರೂ ಅನಂತ ಬಂದ್ರೆ ಆ ಸೆನ್ಸಾರ್ ಹೋಯ್ತು. 50 ಕೆಜಿಯ ಅಂಥದ್ದೇ ಸೆನ್ಸಾರ್ ಬೆಂಗಳೂರಿನ ಎಸ್.ಪಿ. ರೋಡಲ್ಲಿ ಸಿಗುತ್ತೆ. ಆದ್ರೆ ಒಂದೇ ಹೊಸದು ಹಾಕಿದ್ರೆ ಮೂಲೆ ಮೂಲೆಗೂ ಸ್ವಲ್ಪ ವ್ಯತ್ಯಾಸ ಉಳಿಯಬಹುದು.

ಉಪ್ಪಳ_ಸವಾರ · ಉಪ್ಪಳ
ಸರಿ ಆದ್ರೆ ಅಡಿಕೆ ತೂಗಲಿಕ್ಕೂ ಆಯ್ತು.

ಕಾಟಾ_ಮಾಸ್ತರ · ಅಕ್ಕಲಕೋಟ
ಮನ್ಯಾಗ ಅಂದಾಜಿಗೆ ತೂಗ್ರಿ. ಕೊಡು ತಗೊಳ್ಳೂ ವ್ಯವಹಾರಕ್ಕ ಬ್ಯಾಡ. 2009ರ ಲೀಗಲ್ ಮೆಟ್ರಾಲಜಿ ಕಾಯ್ದೆ ಪ್ರಕಾರ ವ್ಯಾಪಾರದ ಕಾಟಾಕ್ಕ ಇಲಾಖೆ ಮುದ್ರಿ ಇರಬೇಕು, ಎಲೆಕ್ಟ್ರಾನಿಕ್ ಕಾಟಾ ವರ್ಷಕ್ಕೊಮ್ಮೆ ಮತ್ತ ತೋರಿಸಬೇಕು. ಇದಕ್ಕ ಆ ಮುದ್ರಿ ಬೀಳಂಗಿಲ್ಲ.

ಪಯಸ್ವಿನಿ · ಮುಳ್ಳೇರಿಯ
ಕಾಟಾ ಕಾಟಾ ಅಂತ ಓದಿ ನನಗೆ ಕಾಟ ಅಂತಲೇ ಕಾಣ್ತಾ ಉಂಟು. ನಮ್ಮಲ್ಲಿ ತ್ರಾಸು.

ಜವಾರಿ_ಜತ್ತ · ಜತ್ತ, ಸಾಂಗ್ಲಿ ಜಿಲ್ಲಾ
ಅದೂ ತ್ರಾಸ ಆತಲ್ರಿ ಅಕ್ಕಾರ.

ಅಡಿಕೆಹಾಳೆ · ಬದಿಯಡ್ಕ
ಬಿಚ್ಚಿದೆ. ಕೊಕ್ಕೆಯದ್ದೇ. ಒಳಗೆ ಮುರಕಲ್ಲಿನ ಕೆಂಪು ಹುಡಿ, ಮತ್ತೆ ಇರುವೆಯ ಮೊಟ್ಟೆ! ನಾಲಿಗೆಯ ಅಡಿ ಪೂರ್ತಿ ಕಟ್ಟಿತ್ತು. ಬ್ರಷ್ ಹಾಕಿ ಗುಡಿಸಿ ಪುನಃ ಕ್ಯಾನ್ ಇಟ್ಟೆ. ಈಗ ಆ ಮೂಲೆ 10.4. ಇಳಿದು ಹತ್ತಿದ್ರೂ, ನಡುವೆ ಬೇರೆಯವರು ಹತ್ತಿದ್ರೂ 100 ಗ್ರಾಂ ಮೇಲೆ ವ್ಯತ್ಯಾಸ ಇಲ್ಲ. ಒಂದು ಕೊಕ್ಕೆ ಮಾತ್ರ ತೆಗೆಯುವಾಗ ತುಂಡಾಯ್ತು. ಕ್ವಿಕ್ ಗಮ್ ಹಾಕಿ ಅಂಟಿಸಲಾ?

ಸೋಲ್ಡರ್_ಸ್ವಾಮಿ · ಹೊಸೂರು
ಬೇಡ ಬೇಡ. ಅದು ನೀರಿನಂತೆ ಹರಿದು ನಾಲಿಗೆಗೆ ಹೋಗಿ ಗಟ್ಟಿಯಾದ್ರೆ ಸೆನ್ಸಾರ್ ಮುಗೀತು. ಕಾಲು ಸ್ವಲ್ಪ ಆಡ್ತಿರಬೇಕು. ಟೋಪಿಯ ಅಂಚಿಗೆ ಮಾತ್ರ ಎರಡು ಬದಿ ಟೇಪ್ ಸಣ್ಣ ತುಂಡು. ಉಳಿದ ಮೂರು ಕಾಲೂ ಬಿಚ್ಚಿ ಗುಡಿಸಿಬಿಡಿ, ಇರುವೆ ಒಂದೇ ಮನೆ ಕಟ್ಟಲ್ಲ.

ಪಯಸ್ವಿನಿ · ಮುಳ್ಳೇರಿಯ
ಇರುವೆಗೆ ಅಂತ ಸೀಮೆಸುಣ್ಣ ಗೀಚುವುದಾದ್ರೆ ನೆಲಕ್ಕೆ ಗೀಚಿ, ಮೆಶಿನಿಗಲ್ಲ. ಅದರ ಹುಡಿಯೂ ಒಳಗೇ ಹೋಗುವುದು.

ಮೂರ್ಕಾಲು · ತಾಳವಾಡಿ
ಒಂದು ಕೇಳ್ಬೇಕಿತ್ತು. ಆಗ ಹೇಳಿದ ಓ-ಎಲ್‌ಡಿ ನಮ್ಮನೇಲಿ ಯಾರೂ ಹತ್ತದೇ ಇದ್ದಾಗ್ಲೂ ಬರುತ್ತೆ. ಆನ್ ಆದ ಕೂಡ್ಲೇ.

ಸೋಲ್ಡರ್_ಸ್ವಾಮಿ · ಹೊಸೂರು
ಖಾಲಿ ಇರುವಾಗ ಓವರ್‌ಲೋಡ್ ಅಂದ್ರೆ ಬಹುತೇಕ ಒಂದು ಸೆನ್ಸಾರಿನ ವೈರು ಕಿತ್ತಿದೆ. ಸರ್ಕ್ಯೂಟು ಒಂದು ಕಡೆ ವಾಲಿ ಅಂಕಿ ಮಿತಿ ದಾಟಿ ಹೋಗುತ್ತೆ. ಕಾಲಿನಿಂದ ವೈರು ಹೊರಗೆ ಬರೋ ಜಾಗದಲ್ಲೇ ಕಿತ್ತಿರುತ್ತೆ, ಅಲ್ಲಿ ನೋಡಿ ಬೆಸುಗೆ ಹಾಕಿ. ಸೋಲ್ಡರಿಂಗ್ ಐರನ್ ಇದ್ಯಾ?

ಮೂರ್ಕಾಲು · ತಾಳವಾಡಿ
ಇಲ್ಲ.

ಸೋಲ್ಡರ್_ಸ್ವಾಮಿ · ಹೊಸೂರು
ಹಾಗಿದ್ರೆ ನೀವು ಬಿಸಾಕಿ ಹೊಸದು ತಗೊಳ್ಳಿ.